ನಾಲ್ಕು ನಿಮಿಷದ ಮರಳು

ನಲವತ್ತೊಂದು ಪೆಟ್ಟಿಗೆ. ಅಡಿಲೇಡಿನ ಗ್ರಂಥಾಲಯದವರು
ಮೀನಂಗಡಿಯ ಪಕ್ಕ ವ್ಯಾನು ತಂದು ನಿಲ್ಲಿಸಿದ್ದಾರೆ.
ನಿನ್ನ ಕಚೇರಿಯಿದ್ದಲ್ಲಿ ಈಗ ನಾಯಿಗಳಿಗೆ ಕ್ಷೌರ ಮಾಡುತ್ತಾರೆ, ಲಯಲ್.
ಹಿಂದಿನ ಗೋಡೌನಿನ ಕೀಲಿ ಮಾತ್ರ ಇನ್ನೂ ನನ್ನ ಹತ್ತಿರ.

ಒಂದೊಂದಕ್ಕೂ ಚೀಟಿ ಹಚ್ಚಬೇಕಂತೆ,
ರಾಜ್ಯದ್ದು ಒಂದು ಕಡೆ, ಒಕ್ಕೂಟದ್ದು ಒಂದು ಕಡೆ.
ಮನುಷ್ಯನನ್ನು ಸೊಂಟಕ್ಕೆ ಸರಿಯಾಗಿ ಹೀಗೆ ಕೊಯ್ಯಬಹುದೇ
ಎಂದು ಕೇಳಿದೆ. ಹುಡುಗಿ ನಕ್ಕು ಸ್ಟಿಕ್ಕರು ಕೊಟ್ಟಳು.
ರಾಜ್ಯಕ್ಕೆ ಹಳದಿ. ಒಕ್ಕೂಟಕ್ಕೆ ನೀಲಿ.

ಹಳದಿಯಲ್ಲಿ ನೀನು ತೆಳ್ಳಗಿದ್ದೀಯ.
ಗೋಧಿ ಸೈಲೋದ ನೆರಳಲ್ಲಿ ಟ್ರಕ್ಕಿನ ಬೆನ್ನೇರಿ
ಹದಿನಾರು ಜನಕ್ಕೂ ಎರಡು ಕುರಿನಾಯಿಗೂ
ಭಾಷಣ ಮಾಡುತ್ತಿದ್ದೀಯ.
ಶಾಲೆಗೆ ಟ್ಯಾಂಕು, ದೋಣಿಕಟ್ಟೆಗೆ ಹೊಸ ಹಲಗೆ,
ವಿಧವೆ ಹಿಲ್ಡಾ ನಿಚ್ಕೆಯ ಮನೆಗೊಂದು ನಲ್ಲಿ.
ಅದಕ್ಕಾಗಿ ಹನ್ನೊಂದು ಪತ್ರ. ಎಲ್ಲ ನನ್ನ ಟೈಪು.
ನಲ್ಲಿ ಬಂದ ವಾರವೇ ಮುದುಕಿ ಹೋದಳು.
ಮಣ್ಣಿಗೆ ಬಂದವರು ಆ ನೀರಲ್ಲೇ ಚಹಾ ಕುಡಿದರು,
ರುಚಿ ಚೆನ್ನಾಗಿದೆ ಅಂದರು. ಅದನ್ನೂ ಫೈಲು ಮಾಡಿದ್ದೇನೆ.

ಇಗೋ ರೈಲಿನ ಕಾಗದ, ಅರ್ಧ ಹಳದಿ, ಅರ್ಧ ನೀಲಿ.
ಊರಿನ ರೈಲನ್ನು ರಾಜ್ಯವು ಒಕ್ಕೂಟಕ್ಕೆ
ಧಾರೆಯೆರೆದು ಕೊಟ್ಟಾಗ ಅದರ ಪರ ನೀನೇ ಮಾತಾಡಿದೆ.
ಆಮೇಲೆ ನಿದ್ದೆ ಬಾರದೆ, ಮಗಳ ಗಂಡನ ಮನೆಗೆ
ಗಂಟುಮೂಟೆ ಹೊತ್ತ ಅಪ್ಪನ ಹಾಗೆ
ನೀನೂ ಹೊರಟೆ ಕ್ಯಾನ್‌ಬೆರಾಗೆ.
"ನಾನಲ್ಲಿದ್ದರೆ ಅದನ್ನು ಮುಟ್ಟಲಾರರು, ನೋಲಾ."

ಏಳನೇ ವರ್ಷ ಮುಟ್ಟಿದರು.
ಪಕ್ಷದ ಸಚೇತಕ ಬಂದು ನಿನ್ನ ಭುಜದ ಮೇಲೆ ಕೈಯಿಟ್ಟ.
ಗಂಟೆ ಹೊಡೆಯಿತು. ಮೇಜಿನ ಮೇಲೆ ಮರಳ ಗಡಿಯಾರ
ತಲೆಕೆಳಗಾಯಿತು. ನಾಲ್ಕು ನಿಮಿಷ.
ಮರಳು ಮುಗಿದರೆ ಬಾಗಿಲಿಗೆ ಬೀಗ,
ಹೌದೆನ್ನುವವರು ಬಲಕ್ಕೆ, ಅಲ್ಲವೆನ್ನುವವರು ಎಡಕ್ಕೆ.
ನಾನು ಗ್ಯಾಲರಿಯಲ್ಲಿದ್ದೆ, ಮಡಿಲಲ್ಲಿ ನಿನ್ನ ಮಳೆಕೋಟು.
ನೀನು ಬಲಕ್ಕೆ ನಡೆದೆ. ನಡೆದೆ ಅಂದರೆ,
ಮೂರು ನಿಮಿಷ ಕೂತಿದ್ದು, ಆಮೇಲೆ.

ಸೋಮವಾರ ಕಚೇರಿಯ ಹೊಸ್ತಿಲಲ್ಲಿ ಯಾರೋ
ಹಳಿ ಬಿಗಿಯುವ ಮೊಳೆಯೊಂದನ್ನು ಇಟ್ಟು ಹೋಗಿದ್ದರು.
ತುಕ್ಕು ಹಿಡಿದದ್ದು, ಗೇಣುದ್ದ.
ಇಪ್ಪತ್ತೆರಡು ವರ್ಷ ಅದು ನಿನ್ನ ಮೇಜಿನ ಮೇಲೆ
ಕಾಗದ ಹಾರದಂತೆ ಕೂತಿತ್ತು.
ಅದಕ್ಕೆ ಯಾವ ಬಣ್ಣ? ನನ್ನ ಚೀಲಕ್ಕೆ ಹಾಕಿಕೊಂಡೆ.

ಬೈದರು, ಆರಿಸಿದರು. ಮತ್ತೆ ಬೈದರು, ಮತ್ತೆ ಆರಿಸಿದರು.
ಯಾಕೆ ಎಂದು ಮೀನಿನ ಮನೋಲಿಸನನ್ನು ಕೇಳಿದ್ದೆ ಒಮ್ಮೆ.
ಬಲೆ ಹರಿದಿದೆ ಅಂತ ದೋಣಿ ಬಿಡ್ತೀವಾ, ಅಂದ.
ನೀನು ಮಂತ್ರಿಯಾಗಿದ್ದು ಹನ್ನೊಂದು ತಿಂಗಳು.
ಆ ಪೆಟ್ಟಿಗೆ ಎತ್ತಿ ನೋಡಿದೆ, ಎಲ್ಲಕ್ಕಿಂತ ಹಗುರ.

ಮೊನ್ನೆ ದಾನಪತ್ರಕ್ಕೆ ಸಹಿ ಹಾಕಲು ನಮ್ಮನೆಗೆ ಬಂದಿದ್ದೆ.
ಮೊಟ್ಟೆ ಬೇಯಲಿಟ್ಟಿದ್ದೆ. ಟೈಮರು ಕಿರುಚಿತು.
ನೀನು ತಟ್ಟನೆ ಎದ್ದೆ, ಕೋಟಿನ ಗುಂಡಿ ಹಾಕಿಕೊಂಡೆ,
ಅಡುಗೆಮನೆಯ ನಡುವೆ ನಿಂತು ಆಚೀಚೆ ನೋಡಿದೆ.
ಬಲಕ್ಕೆ ಒಲೆ. ಎಡಕ್ಕೆ ಹಿತ್ತಲ ಬಾಗಿಲು,
ಅದರಾಚೆ ಹಳಿ ಕಿತ್ತ ದಿಬ್ಬ,
ಹುಡುಗರು ಸೈಕಲ್ ಹೊಡೆಯುವ ದಾರಿ.

"ಯಾವ ಕಡೆ, ನೋಲಾ?"

ಮೂವತ್ತೆಂಟು ವರ್ಷದಲ್ಲಿ
ನೀನದನ್ನು ನನ್ನ ಕೇಳಿದ್ದು ಅದೇ ಮೊದಲು.
ಕೂತ್ಕೋ ಲಯಲ್, ಅಂದೆ,
ಮೊಟ್ಟೆ ಗಟ್ಟಿಯಾಗತ್ತೆ.